ಆಯಿಯ ಸೊಟ್ಟ ಗಡಿಯಾರ

ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಿಕ್ಕುವ ಹುಳಿ ವಾಸನೆ ಎಲ್ಲಿಂದಾದರೂ ಬಂದರೆ ಸಾಕು, ನಾನು ರಂಗಂಪೇಟೆಯ ನಮ್ಮ ಪಡಸಾಲೆಗೆ ಹೋಗಿಬಿಡುತ್ತೇನೆ. ಅಲ್ಲಿ ಆಯಿ, ಅಂದರೆ ನನ್ನ ಅಪ್ಪನ ತಾಯಿ, ಸ್ಟೂಲು ಹತ್ತಿ ಗಡಿಯಾರದ ನೆತ್ತಿಯ ಹಿತ್ತಾಳೆ ನವಿಲನ್ನು ತಿಕ್ಕುತ್ತಿದ್ದಳು. ನಾನು ಕೆಳಗೆ ಸ್ಟೂಲು ಹಿಡಿದು ನಿಂತಿರುತ್ತಿದ್ದೆ. ಗೋಡೆ ತುಂಬ ಗಡಿಯಾರಗಳು. ಒಂದಕ್ಕೆ ಪಿಂಗಾಣಿ ಮುಖ, ಒಂದಕ್ಕೆ ಮರದಲ್ಲಿ ಕೆತ್ತಿದ ದ್ರಾಕ್ಷಿ ಬಳ್ಳಿ, ಇನ್ನೊಂದರ ಮೇಲೆ ಮುಂಗಾಲೆತ್ತಿದ ಕುದುರೆ. ಶೇಂಗಾ ವ್ಯಾಪಾರಕ್ಕೆಂದು ಹೈದರಾಬಾದಿಗೆ ಹೋಗುತ್ತಿದ್ದ ನಮ್ಮ ಮುತ್ಯಾ, ಅಂದರೆ ಅಜ್ಜ, ನವಾಬರ ಕಾಲ ಮುಗಿದು ಖಾಲಿಯಾಗುತ್ತಿದ್ದ ಹವೇಲಿಗಳಿಂದ ಅವನ್ನು ಒಂದೊಂದಾಗಿ ಕೊಂಡು ತಂದಿದ್ದರು. ಜರ್ಮನಿಯಲ್ಲಿ ಹುಟ್ಟಿ, ಹಡಗು ಹತ್ತಿ, ರೈಲು ಹತ್ತಿ, ಕೊನೆಗೆ ನಮ್ಮೂರ ಎತ್ತಿನ ಗಾಡಿಯಲ್ಲಿ ಮೈಕೈ ನೋಯಿಸಿಕೊಂಡು ಬಂದವು ಅವು. ಸೀರೆ ತರುತ್ತೇನೆಂದು ಹೋದ ಗಂಡ ಗಡಿಯಾರ ಹೊತ್ತು ಬಂದರೆ ಆಯಿ ಮಾತು ಬಿಡುತ್ತಿದ್ದಳು. ಆಮೇಲೆ ತಾನೇ ಎದ್ದು ಅದಕ್ಕೆ ಕೀಲಿ ಕೊಡುತ್ತಿದ್ದಳು. ನವಿಲಿನ ಗಡಿಯಾರವಂತೂ ಅವಳ ಜೀವ. ಅದು ಗಂಟೆ ಹೊಡೆದರೆ ಓಣಿಯ ತುದಿಯವರೆಗೂ ಕೇಳುತ್ತಿತ್ತು. ಗೋಡೆಯ ಮೇಲೆ ತುಸು ಸೊಟ್ಟಗೆ ತೂಗುತ್ತಿದ್ದ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಮುತ್ಯಾ ತೀರಿಕೊಂಡ ಮೇಲೆ ಶಹಾಪುರದಿಂದ ಅವರ ಅಣ್ಣ, ನಮ್ಮ ದೊಡ್ಡ ಮುತ್ಯಾ, ಬಂದರು. ತಮ್ಮನ ನೆನಪಿಗೆ ಒಂದಿರಲಿ ಎಂದು ಆ ನವಿಲನ್ನೇ ಇಳಿಸಿಕೊಂಡು ಹೋದರು. ಆಯಿ ಬಾಗಿಲ ಹಿಂದೆ ನಿಂತು ನೋಡಿದಳು. ಗಂಡನ ಅಣ್ಣನ ಎದುರು ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಹೇಳುವುದಿದ್ದರೆ ನಡುವೆ ಒಂದು ಕೂಸನ್ನು ನಿಲ್ಲಿಸಿ ಅದಕ್ಕೆ ಹೇಳಬೇಕು. ಕೂಸು ನಾನೇ, ಪಕ್ಕದಲ್ಲೇ ಇದ್ದೆ. ಅವಳು ನನಗೂ ಏನೂ ಹೇಳಲಿಲ್ಲ. ಗೋಡೆಯಲ್ಲಿ ಉಳಿದ ಬರೀ ಮೊಳೆ ನೋಡಿ ನನಗೆ ಅಳು ಬಂತು.

ಶಹಾಪುರದಲ್ಲಿ ಗಡಿಯಾರ ನಡೆಯಲೇ ಇಲ್ಲ. ರಿಪೇರಿಯವರು ಬಿಚ್ಚಿದರು, ಎಣ್ಣೆ ಬಿಟ್ಟರು, ಕೈಚೆಲ್ಲಿದರು. ಕಡೆಗೆ ಹೈದರಾಬಾದಿನ ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಒಳಗಿನ ಯಂತ್ರ ಕಿತ್ತೆಸೆದು ಮೇಲಿನ ಅಂದದ ಪೆಟ್ಟಿಗೆಯಷ್ಟೇ ಒಯ್ಯುತ್ತೇನೆ ಅಂದನಂತೆ. ಆ ಸುದ್ದಿ ಬಂದ ದಿನ ಆಯಿ ಉಣ್ಣಲಿಲ್ಲ. ಅಪ್ಪನ ಕೈಲಿ ಹೇಳಿ ಕಳಿಸಿದಳು: ಒಮ್ಮೆ ತಂದು ಅದರ ಹಳೇ ಮೊಳೆಗೆ ಹಾಕಲಿ, ಆಮೇಲೆ ಏನಾದರೂ ಮಾಡಿಕೊಳ್ಳಲಿ.

ದೊಡ್ಡ ಮುತ್ಯಾ ಗಡಿಯಾರವನ್ನು ಕೌದಿಯಲ್ಲಿ ಸುತ್ತಿ ತಂದರು. ತಾವೇ ಮೊಳೆಗೆ ಹಾಕಿ, ಹಿಂದೆ ಸರಿದು ನೋಡಿ, ನೆಟ್ಟಗೆ ಮಾಡಿದರು. ಲೋಲಕ ಒಂದಿಷ್ಟು ಕುಂಟಿ ನಿಂತೇಹೋಯಿತು. ಅವರ ಮುಖ ಸಪ್ಪಗಾಯಿತು. ನನ್ನ ಕಡೆ ತಿರುಗಿ, "ಇದಕ್ಕ ಏನಾಗ್ಯಾದ ಅಂತ ನಿಮ್ಮ ಆಯಿಗೆ ಕೇಳವ್ವ" ಅಂದರು.

ನಾನು ಬಾಯಿ ತೆರೆಯುವುದರೊಳಗೆ ಆಯಿ ಹೊರಗೆ ಬಂದಿದ್ದಳು. ಸೆರಗು ಹಣೆಯವರೆಗಿತ್ತು. ಗಡಿಯಾರದ ಬುಡಕ್ಕೆ ಬೆರಳು ಹಚ್ಚಿ ಎಡಕ್ಕೆ ಒಂದಿಷ್ಟು ಸರಿಸಿದಳು, ಲೋಲಕ ತಟ್ಟಿದಳು. ಟಿಕ್ ಟಿಕ್ ಎಂದು ಸಮನಾದ ಸದ್ದು ಹೊರಟಿತು. ಆಗ, ನನ್ನ ಬದುಕಿನಲ್ಲಿ ಮೊದಲ ಸಲ, ಅವಳು ದೊಡ್ಡ ಮುತ್ಯಾರ ಜೊತೆ ನೇರ ಮಾತಾಡಿದ್ದನ್ನು ಕೇಳಿದೆ.

"ಮೊದ್ಲ ಎತ್ತಿನ ಗಾಡ್ಯಾಗ ಬರೂಮುಂದ ಒಳಗ ಬಾಗ್ಯಾದ್ರಿ. ಸೊಟ್ಟ ಹಾಕಿದ್ರಷ್ಟ ನಡೀತದ. ಒಯ್ಯೂಮುಂದ ಕೇಳಿದ್ರ ಹೇಳ್ತಿದ್ದೆ."

ದೊಡ್ಡ ಮುತ್ಯಾ ಕುಳಿತರು. ಗಡಿಯಾರ ಗಂಟೆ ಹೊಡೆಯುವವರೆಗೂ ಕುಳಿತೇ ಇದ್ದರು. ಹೊಡೆದ ಮೇಲೆ ಕೌದಿ ಮಡಚಿದರು. "ಇಲ್ಲೇ ಇರ್ಲಿ ಅಂತ ನಿಮ್ಮ ಆಯಿಗೆ ಹೇಳವ್ವ." ಆಯಿ ಅಲ್ಲೇ ನಿಂತಿದ್ದಳು, ಆದರೂ ನಾನು ಬಲು ಗಂಭೀರವಾಗಿ ತಿರುಗಿ ಹೇಳಿದೆ. ಅವತ್ತು ನಮ್ಮ ಮನೆಯಲ್ಲಿ ಹೋಳಿಗೆ. ಹಬ್ಬ ಯಾವುದೆಂದು ಕೇಳಿಕೊಂಡು ಬಂದ ಓಣಿಯ ಹೆಂಗಸರಿಗೆಲ್ಲ ಆಯಿ ಎರಡೆರಡು ಬಡಿಸಿದಳು. ಅಷ್ಟು ನಕ್ಕ ಆಯಿಯನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಆ ಪಡಸಾಲೆ ಈಗಿಲ್ಲ, ರಸ್ತೆ ಅಗಲವಾಗುವಾಗ ಹೋಯಿತು. ಕುದುರೆ, ದ್ರಾಕ್ಷಿ ಬಳ್ಳಿ ಯಾರ ಯಾರ ಗೋಡೆಗೆ ಸೇರಿದವೋ ತಿಳಿಯದು. ಆಯಿಯೂ ಇಲ್ಲ. ನವಿಲು ಮಾತ್ರ ಯಾದಗಿರಿಯ ನನ್ನ ಮನೆಯಲ್ಲಿದೆ, ಸೊಟ್ಟಗೇ. ಬಂದ ನೆಂಟರಲ್ಲಿ ಒಬ್ಬರಾದರೂ ತಡೆಯಲಾರದೆ ಎದ್ದು ಅದನ್ನು ನೆಟ್ಟಗೆ ಮಾಡುತ್ತಾರೆ. ನಾನು ಬೇಡವೆನ್ನುವುದಿಲ್ಲ. ಚಹಾ ಮುಗಿಯುವಷ್ಟರಲ್ಲಿ ಸದ್ದು ನಿಂತಿರುತ್ತದೆ, ಅವರು ಗಾಬರಿಯಿಂದ ಏನಾಯಿತೆಂದು ಕೇಳುತ್ತಾರೆ. ಕೇಳಿದರಲ್ಲ, ಹೇಳುತ್ತೇನೆ. ಹೇಳುತ್ತಲೇ ಎದ್ದು ಬುಡಕ್ಕೆ ಬೆರಳು ಹಚ್ಚುತ್ತೇನೆ, ಮತ್ತು ಆಯಿ ಇನ್ನೊಮ್ಮೆ ಗೆಲ್ಲುತ್ತಾಳೆ.