ತಾರೀಖಕ್ಕನ ಮೂರನೇ ದೋಣಿ

ಆಸ್ಪತ್ರೆಯ ನೆಲಮಾಳಿಗೆಗೆ ಇಳಿದು, ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳ ನಿಜವಾದ ಹೆಸರು ಹಿಡಿದು ಕೇಳಿದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ತಾರೀಖಕ್ಕ ಎನ್ನಿ, ಹತ್ತು ಕೈ ಒಂದೇ ಕಡೆ ಚಾಚುತ್ತವೆ. ಅಗೋ, ಆ ದೊಡ್ಡ ಡ್ರಮ್ಮಿನ ಮುಂದೆ ಸೊಂಟಕ್ಕೆ ರಬ್ಬರ್ ಏಪ್ರನ್ ಬಿಗಿದು, ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡು ನಿಂತಿದ್ದಾಳಲ್ಲ, ಅವಳೇ.

ವಯಸ್ಸು ನಲವತ್ತೇಳು. ಬೇರೆಯವರ ಮನೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಬಂದ ದಿನ, ಹಲ್ಲಿನ ಡಾಕ್ಟರ ದಿನ ಇದ್ದರೆ ಇವಳದರಲ್ಲಿ ಯಾವ ವೀಡಿಯೊ ಗೇಮ್ ಯಾವತ್ತು ಬರುತ್ತದೆ ಎಂಬುದಿರುತ್ತದೆ. ಅದೂ ಪೆನ್ಸಿಲ್ಲಿನಲ್ಲಿ. ಪೆನ್ನಿನಲ್ಲಿ ಬರೆದು ಕೆಟ್ಟ ಮೇಲೆ ಬಂದ ಬುದ್ಧಿ ಅದು. ಗೇಮ್ ಮಾಡುವ ಕಂಪನಿಯವರು ದಿನ ಹೇಳುತ್ತಾರೆ, ಆಮೇಲೆ ಮುಂದಕ್ಕೆ ಹಾಕುತ್ತಾರೆ, ಮತ್ತೆ ಹೇಳುತ್ತಾರೆ, ಮತ್ತೆ ಹಾಕುತ್ತಾರೆ. ಉಜ್ಜಿ ಉಜ್ಜಿ ಅವಳ ಕ್ಯಾಲೆಂಡರಿನ ಹಾಳೆ ಕೆಲವು ಕಡೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು.

ಅತಿ ಹೆಚ್ಚು ಉಜ್ಜಿಸಿಕೊಂಡದ್ದು 'ದೀಪದೋಣಿ' ಆಟದ ಮೂರನೇ ಭಾಗ. ಒಂಬತ್ತು ವರ್ಷದಲ್ಲಿ ನಾಲ್ಕು ಸಲ ದಿನ ಗೊತ್ತಾಗಿ ನಾಲ್ಕೂ ಸಲ ತಪ್ಪಿತ್ತು. ಎರಡು ಸಲವಂತೂ ಅವಳು ರಜೆಯನ್ನೇ ಹಾಕಿದ್ದಳು. ಒಂದು ರಜೆಯಲ್ಲಿ ಮನೆಯ ಪರದೆಗಳನ್ನೆಲ್ಲ ಒಗೆದಳು. ಇನ್ನೊಂದರಲ್ಲಿ, ಒಗೆಯುವುದಕ್ಕೆ ಏನೂ ಉಳಿಯದೆ, ಒಗೆದದ್ದನ್ನೇ ಒಗೆದಳು.

ಬಿಸಿ ರೋಲರಿನಲ್ಲಿ ಹಾಸಿಗೆ ಬಟ್ಟೆ ಹಾಯಿಸುವ ಇಸ್ತ್ರಿಯಣ್ಣನಿಗೆ ಇದೇ ದಿನನಿತ್ಯದ ತಮಾಷೆ.

"ಏನ್ ತಾರೀಖಕ್ಕ, ನಿಮ್ಮ ದೋಣಿ ದಡ ಮುಟ್ತಾ?"

"ಇನ್ನೂ ಬಣ್ಣ ಹೊಡೀತಿದಾರಂತೆ ಕಣಣ್ಣ."

"ಒಂಬತ್ತು ವರ್ಷದಿಂದ ಬಣ್ಣಾನಾ? ಅಷ್ಟರಲ್ಲಿ ನಾನು ನಿಜವಾದ ಹಡಗೇ ಕಟ್ಟಿ ಕಡಲಿಗೆ ಬಿಡ್ತಿದ್ದೆ!"

"ನೀವು ಮೊದಲು ಆ ದಿಂಬಿನ ಚೀಲ ನೆಟ್ಟಗೆ ಮಡಚಿ. ಹಡಗು ಆಮೇಲೆ."

ಎಲ್ಲರೂ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಆದರೆ ಆ ಆಟಕ್ಕೂ ಅವಳಿಗೂ ಇದ್ದ ನಂಟು ನಗುವಂಥದ್ದಲ್ಲ.

ತಾಯಿ ತೀರಿಕೊಂಡಾಗ ಅವಳಿಗೆ ಇಪ್ಪತ್ತು, ತಮ್ಮನಿಗೆ ಒಂಬತ್ತು. ತಂದೆ ಲಾರಿಯ ಮೇಲೆ ಊರೂರು ಸುತ್ತುವವರು. ತಮ್ಮ ಆಗ ಮಾತು ಬಿಟ್ಟ. ಉಣ್ಣು ಎಂದರೆ ಉಣ್ಣುತ್ತಿದ್ದ, ಮಲಗು ಎಂದರೆ ಮಲಗುತ್ತಿದ್ದ, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಪಕ್ಕದ ಮನೆಯವರು ಹಳೆಯದೆಂದು ಹೊರಗಿಟ್ಟ ಗೇಮಿನ ಪೆಟ್ಟಿಗೆಯನ್ನು ಅವಳು ಕೇಳಿ ತಂದಳು. ಅದರೊಳಗೇ ಸಿಕ್ಕಿಕೊಂಡಿದ್ದ ಒಂದೇ ಒಂದು ಆಟ 'ದೀಪದೋಣಿ'. ಕತ್ತಲೆ ಕಡಲು, ಒಂದು ದೋಣಿ, ಇಬ್ಬರು ಆಡುವವರು. ಒಬ್ಬರು ಹುಟ್ಟು ಹಾಕಬೇಕು, ಇನ್ನೊಬ್ಬರು ದೀಪ ಹಿಡಿಯಬೇಕು. ದೀಪ ತಿರುಗಿದ ಕಡೆ ಮಾತ್ರ ಬಂಡೆ ಕಾಣುತ್ತದೆ; ತಪ್ಪಿಸಿಕೊಂಡು ಹೋದರೆ ಹಂತಕ್ಕೊಂದು ಬಾಗಿಲು. ತಮ್ಮ ಹುಟ್ಟು ಹಿಡಿದ. ಅಕ್ಕ ದೀಪ ಹಿಡಿದಳು. ಕೆಲಸದಿಂದ ದಣಿದು ಬಂದವಳಿಗೆ ಕೂತಲ್ಲೇ ಕಣ್ಣು ಎಳೆದಾಗ ಪಕ್ಕದಿಂದ ಒಂದು ಕೂಗು ಬಂತು: "ಅಕ್ಕಾ, ದೀಪ!"

ಏಳು ವಾರದ ಮೇಲೆ ಅವನು ಆಡಿದ ಮೊದಲ ಮಾತು ಅದು.

ಎರಡನೇ ಭಾಗವನ್ನೂ ಹಾಗೇ ಜೊತೆಯಲ್ಲಿ ಕೂತು ಮುಗಿಸಿದರು. ಆಮೇಲೆ ತಮ್ಮ ದೊಡ್ಡವನಾದ, ರೈಲಿನಲ್ಲಿ ಗಾರ್ಡ್ ಆದ, ಬೇರೆ ಊರಿನಲ್ಲಿ ಮನೆ ಮಾಡಿದ. ಜಗಳವಿಲ್ಲ, ಮುನಿಸಿಲ್ಲ. ಆದರೂ ಒಗೆತಕ್ಕೆ ಬಿದ್ದ ಬಟ್ಟೆಯ ಹಾಗೆ ಮಾತು ವರ್ಷದಿಂದ ವರ್ಷಕ್ಕೆ ಸವೆಯುತ್ತ ಬಂತು. ಫೋನ್ ಮಾಡಿದರೆ "ಊಟ ಆಯ್ತಾ?" "ಆಯ್ತು. ನಿಂದು?" "ಆಯ್ತು." ಅಲ್ಲಿಗೆ ಮುಗಿಯಿತು. ಅದೇ ಮೂರನೇ ಭಾಗದ ಸುದ್ದಿ ಏನಾದರೂ ಬಂದ ದಿನ ಅರ್ಧ ಗಂಟೆ ಇಬ್ಬರಿಗೂ ಬಾಯಿ ಮುಚ್ಚುತ್ತಿರಲಿಲ್ಲ.

"ನೀರು ನೋಡಿದ್ಯಾ ಅಕ್ಕಾ, ಅವರು ಹಾಕಿರೋ ಚಿತ್ರದಲ್ಲಿ? ಕೈ ಅದ್ದೋಣ ಅನ್ಸುತ್ತೆ."

"ನೀರು ಸರಿ ಕಣೋ. ಮೊದಲೆರಡು ಮಾಡಿದ ಯಜಮಾನ ಕಂಪನಿ ಬಿಟ್ಟನಂತಲ್ಲ, ಅದಕ್ಕೇನಂತೀಯ?"

"ಅದೇ ನಂಗೂ ಭಯ. ಇನ್ನೊಂದು ಕೇಳಿದ್ಯಾ? ಒಂದೇ ಟಿವಿ ಮುಂದೆ ಇಬ್ಬರು ಕೂತು ಆಡೋದನ್ನ ತೆಗೆದುಹಾಕಿದಾರಂತೆ. ಇನ್ಮೇಲೆ ಅವರವರ ಮನೇಲಿ ಅವರವರು, ನೆಟ್ಟಲ್ಲಿ."

"ಥೂ, ಬಿಡ್ತು ಅನ್ನು!"

ಆವತ್ತೇ ಇಬ್ಬರೂ ಒಪ್ಪಂದ ಮಾಡಿಕೊಂಡರು. ಇನ್ನು ಮೇಲೆ ಸುದ್ದಿ ನೋಡುವುದಿಲ್ಲ, ಆಡಿದವರು ಏನಂದರೆಂದು ಕೇಳುವುದಿಲ್ಲ. ಆಟ ಬಂದ ಮೇಲೆ ಅಕ್ಕನ ಮನೆಯಲ್ಲಿ, ಅದೇ ಹಳೆ ಜಮಖಾನೆಯ ಮೇಲೆ ಕೂತು, ಒಟ್ಟಿಗೆ ತೆರೆಯುವುದು. ಅಲ್ಲಿಯವರೆಗೆ ಯಾರೂ ಮುಟ್ಟಕೂಡದು.

ಫೋನ್ ಇಟ್ಟ ಮೇಲೆ ತಾರೀಖಕ್ಕನಿಗೆ ಒಂದೊಂದೇ ಚಿಂತೆ ಹತ್ತಿತು. ಆಟ ಕೆಟ್ಟದಾಗಿದ್ದರೆ? ಇಬ್ಬರು ಕೂತು ಆಡುವ ಹಾಗೇ ಇಲ್ಲದಿದ್ದರೆ? ಅವನು ಅಷ್ಟು ದೂರದಿಂದ ಬಂದು, ಒಂದು ಗಂಟೆ ಕೂತು, "ಏನೂ ಇಲ್ಲ ಬಿಡಕ್ಕ" ಎಂದು ಎದ್ದುಹೋದರೆ? ಆಮೇಲೆ ಫೋನಿನಲ್ಲಿ ಮಾತಾಡುವುದಕ್ಕೆ ಏನುಳಿಯುತ್ತದೆ? ಊಟ ಆಯ್ತಾ, ಆಯ್ತು.

ಕೊನೆಗೂ ಒಂದು ಗುರುವಾರ ಆಟ ಬಂದೇ ಬಿಟ್ಟಿತು. ತಮ್ಮನಿಗೆ ರಜೆ ಸಿಕ್ಕಿದ್ದು ಭಾನುವಾರಕ್ಕೆ. ಮಧ್ಯೆ ಎರಡು ದಿನ.

ಶುಕ್ರವಾರ ಆಸ್ಪತ್ರೆಗೆ ಹೊಸ ಹಾಸಿಗೆ ಬಟ್ಟೆಗಳ ಮೂಟೆ ಬಂತು. ಮೇಲಿನ ವಾರ್ಡಿನಿಂದ ಬಂದ ಹೊಸ ನರ್ಸಮ್ಮ ಒಂದು ಕಟ್ಟು ಹಾಗೇ ಎತ್ತಿಕೊಂಡು ಹೊರಟಳು. ತಾರೀಖಕ್ಕ ತಡೆದಳು. "ಇಡಮ್ಮ, ಹೊಸದಾದ್ರೂ ಒಂದು ಸಲ ಒಗೆದೇ ಕೊಡೋದು. ಇದರ ಗಂಜಿ ಮೈ ಚುಚ್ಚುತ್ತೆ. ಮೊದಲು ನನ್ನ ಕೈ ಹಾಯಬೇಕು, ಆಮೇಲೆ ರೋಗಿ ಮೈ."

ಇಪ್ಪತ್ತಾರು ವರ್ಷದಿಂದ ಹೇಳಿಕೊಂಡು ಬಂದ ಮಾತು ಅದು. ಅವತ್ತು ಮಾತ್ರ ಹೇಳಿದವಳ ಕಿವಿಗೇ ಹೋಗಿ ಕೂತಿತು. ಎರಡು ಗಂಟೆಗೆ ಪಾಳಿ ಮುಗಿಸಿ ಮನೆಗೆ ಬರುವಷ್ಟರಲ್ಲಿ ತೀರ್ಮಾನ ಗಟ್ಟಿಯಾಗಿತ್ತು: ಆಡುವುದಿಲ್ಲ, ಬರೀ ಒಂದು ಸಲ ನೀರಿಗೆ ಹಾಕಿ ತೆಗೆಯುವುದು. ಇಬ್ಬರು ಆಡುವ ಜಾಗ ಇದೆಯೋ ಇಲ್ಲವೋ ಅಷ್ಟೇ ನೋಡುವುದು.

ನೋಡಿದಳು. 'ಇಬ್ಬರು' ಎಂದು ಇತ್ತು! ಅಲ್ಲಿಗೇ ಆರಿಸಿ ಏಳಬೇಕಿತ್ತು. ಆದರೆ ಹಾಡು ಶುರುವಾಯಿತು, ಕಡಲು ತೆರೆದುಕೊಂಡಿತು. ಮೊದಲ ಬಾಗಿಲವರೆಗೆ ಮಾತ್ರ ಅಂದುಕೊಂಡಳು. ಹುಟ್ಟು ಹಾಕುವ ಕೆಲಸವನ್ನು ಆಟದ ಯಂತ್ರಕ್ಕೇ ಬಿಟ್ಟು ತಾನು ದೀಪ ಹಿಡಿದಳು. ಮೊದಲ ಬಾಗಿಲು ದಾಟಿತು. ಗೋಡೆ ಗಡಿಯಾರ ನೋಡಿದಾಗ ಎರಡನೆಯದರ ಮುಂದೆ ದೋಣಿ ನಿಂತಿತ್ತು, ಒಲೆಯ ಮೇಲಿನ ಹಾಲು ಸೀದಿತ್ತು. ಗಡಬಡಿಸಿ ಎಲ್ಲ ಅಳಿಸಿ, ಆಟವನ್ನು ಮೊದಲಿದ್ದ ಹಾಗೇ ಮಾಡಿಟ್ಟಳು.

ಭಾನುವಾರ ಬೆಳಿಗ್ಗೆ ತಮ್ಮ ಬಂದ. ಗಾರ್ಡಿನ ಕರಿ ಚೀಲ ಮೂಲೆಗಿಟ್ಟು, ಚಪ್ಪಲಿ ಒಂದೊಂದು ದಿಕ್ಕಿಗೆ ಬಿಟ್ಟು, ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದ್ದು ಅವಳಿಗೆ ಆಗಲೇ ಕಂಡದ್ದು.

"ಸತ್ಯ ಹೇಳಕ್ಕ, ಮುಟ್ಟಿಲ್ಲ ತಾನೆ?"

"ಒಪ್ಪಂದ ಅಂದ್ರೆ ಒಪ್ಪಂದ," ಎಂದಳು, ಅವನ ಮುಖ ನೋಡದೆ.

ದೋಣಿ ಹೊರಟಿತು. "ಇದೇನಕ್ಕ, ಎಮ್ಮೆ ತರ ತಿರುಗುತ್ತೆ!" ಎಂದು ಬೈದ. "ನಾವಿಕನ ಮುಖ ಯಾಕೆ ಹೀಗೆ ಉಬ್ಬಿದೆ?" ಎಂದು ಗೊಣಗಿದ. "ನೀರು ಮಾತ್ರ..." ಎಂದು ಟಿವಿಯತ್ತ ಇನ್ನಷ್ಟು ಜರುಗಿ ಕೂತ. ಹತ್ತು ನಿಮಿಷದಲ್ಲಿ ಅವನ ಬೆನ್ನು ಮುಂದಕ್ಕೆ ಬಾಗಿತ್ತು, ನಾಲಿಗೆಯ ತುದಿ ಹೊರಗೆ ಬಂದಿತ್ತು, ಒಂಬತ್ತು ವರ್ಷದವನಿದ್ದಾಗ ಬರುತ್ತಿದ್ದ ಹಾಗೇ. ಅವಳು ಅದನ್ನೇ ನೋಡುತ್ತ ಮೈಮರೆತಳು. ಕೈ ಮಾತ್ರ ತನ್ನ ಪಾಡಿಗೆ ಕೆಲಸ ಮಾಡಿತು. ದೀಪ ಸರ್ರನೆ ಎಡಕ್ಕೆ ತಿರುಗಿತು; ಬೆಳಕು ಬಿದ್ದಲ್ಲಿ ಒಂದು ಬಂಡೆ.

ತಮ್ಮ ಹುಟ್ಟು ನಿಲ್ಲಿಸಿದ.

"ಅಕ್ಕಾ. ಆ ಬಂಡೆ ಇನ್ನೂ ಕಂಡೇ ಇರಲಿಲ್ಲ. ನಿಂಗೆ ಹೇಗೆ ಗೊತ್ತಾಯ್ತು?"

"ಅಂದಾಜು."

"ಅಂದಾಜಾ? ಆಗಲೇ ಬಲಗಡೆ ಒಂದು ಆಮೆ ಬಂತಲ್ಲ, ನೀನು 'ಅಯ್ಯೋ' ಅಂದದ್ದು ಅದು ಬರೋಕೆ ಮೊದಲು. ಈಗ ಹೊಳೀತು ನಂಗೆ."

ತಾರೀಖಕ್ಕ ಕೈಯಲ್ಲಿದ್ದ ಆಟದ ಕಂಟ್ರೋಲರನ್ನು ಮಡಿಲಲ್ಲಿ ಇಟ್ಟಳು. ಏಪ್ರನ್ ಇಲ್ಲದ್ದರಿಂದ ಸೆರಗಿಗೆ ಕೈ ಒರೆಸಿಕೊಂಡಳು. "ಶುಕ್ರವಾರ ಆಡಿದೆ. ಎರಡನೇ ಬಾಗಿಲವರೆಗೆ."

"ಯಾಕೆ?" ಎಂದ. ದನಿಯಲ್ಲಿ ಸಿಟ್ಟಿತ್ತು. "ಒಂಬತ್ತು ವರ್ಷ ಕಾದವಳಿಗೆ ಎರಡು ದಿನ ಆಗ್ಲಿಲ್ವಾ?"

"ಚೆನ್ನಾಗಿಲ್ಲದಿದ್ರೆ ನೀನು ಎದ್ದುಹೋಗ್ತೀಯ ಅಂತ. ಮೊದಲೇ ಗೊತ್ತಿದ್ರೆ ಅಡುಗೆನಾದ್ರೂ ಚೆನ್ನಾಗಿ ಮಾಡಿ ಕೂರಿಸ್ಕೋಬಹುದು ಅಂತ. ಇದೂ ಇಲ್ದಿದ್ರೆ ನಾವು ಏನು ಮಾತಾಡೋದೋ?"

ಅವನು ತನ್ನ ಕಂಟ್ರೋಲರನ್ನು ಮತ್ತೆ ಸರಿಯಾಗಿ ಹಿಡಿದುಕೊಂಡ. ದೋಣಿ ನಿಂತಲ್ಲೇ ಓಲಾಡುತ್ತಿತ್ತು.

"ನಾನೇನು ಈ ಎಮ್ಮೆ ದೋಣಿ ನೋಡೋಕೆ ಏಳು ಗಂಟೆ ಹೊತ್ತು ರೈಲಲ್ಲಿ ನಿಂತ್ಕೊಂಡು ಬಂದ್ನಾ?" ಎಂದ. "ಹಿಡಿ ದೀಪ. ಎರಡನೇ ಬಾಗಿಲವರೆಗೆ ಬಾಯಿ ತೆಗೀಬೇಡ. ಕೈನೂ ತಡವಾಗಿ ಆಡಿಸು. ಬಂಡೆಗೆ ಹೊಡೆದ್ರೆ ಹೊಡೀಲಿ."

ಅದಕ್ಕಿಂತ ಕಷ್ಟದ ಶಿಕ್ಷೆ ಅವಳು ಕಂಡಿರಲಿಲ್ಲ. ಗೊತ್ತಿದ್ದ ಬಂಡೆಗೆ ದೋಣಿ ಬಡಿಯುವುದನ್ನು ತುಟಿ ಕಚ್ಚಿಕೊಂಡು ನೋಡಿದಳು. ಮೂರು ಸಲ ಮುಳುಗಿದರು. ಮೂರನೇ ಸಲ ಅವನು ಅವಳ ಮುಖ ನೋಡಿ ಪಕಪಕ ನಕ್ಕ. ಎರಡನೇ ಬಾಗಿಲು ತೆರೆದಾಗ ಮುಂದೆ ಬರೀ ಕತ್ತಲೆ. ಇಲ್ಲಿಂದಾಚೆ ಅವಳಿಗೂ ದಾರಿ ಗೊತ್ತಿಲ್ಲ.

"ಅಕ್ಕಾ, ದೀಪ!"

ಸಂಜೆಯ ರೈಲಿಗೆ ಹೊರಡುವ ಹೊತ್ತಾದರೂ ಮೂರನೇ ಬಾಗಿಲು ಸಿಗಲೇ ಇಲ್ಲ. ಅವನು ಎರಡೂ ಕಂಟ್ರೋಲರುಗಳನ್ನು ತೆಗೆದು ತನ್ನ ಕರಿ ಚೀಲಕ್ಕೆ ಹಾಕಿಕೊಂಡ.

"ಅವು ಎಲ್ಲಿಗೋ?"

"ನಿನ್ನ ಕೈ ನಂಬೋ ಹಾಗಿಲ್ಲ. ಎರಡು ವಾರ ಬಿಟ್ಟು ಬರೋ ಭಾನುವಾರ ತರ್ತೀನಿ."

ಅವಳು ಕ್ಯಾಲೆಂಡರಿನ ಹತ್ತಿರ ಹೋಗಿ, ಹಾಳೆ ಮಗುಚಿ, ಕಿವಿಯ ಹಿಂದಿನ ಪೆನ್ಸಿಲ್ ತೆಗೆದಳು. ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದವನು ತಿರುಗಿ ನೋಡಿದ.

"ಮನೇಲಿ ಪೆನ್ ಇಲ್ವೇನಕ್ಕ?"