ಬೂಸ್ಟರನ ಬೆರಳು

ನನ್ನ ನೌಕರಿಯೆಲ್ಲ ಶಾಲೆಗಳ ಮೈದಾನದಲ್ಲಿ ಕಳೆಯಿತು. ಮುಂಡರಗಿ, ಶಿರಹಟ್ಟಿ, ಕೊನೆಗೆ ಗದಗ. ಎಲ್ಲಿ ಹೋದರೂ ಕೊರಳಲ್ಲಿ ಸೀಟಿ, ಎರಡು ಕಂಬ, ನಡುವೆ ವಾಲಿಬಾಲ್ ಬಲೆ. ನಿವೃತ್ತಿಯ ದಿನ ಮಾತಾಡಿದವರು ನಾನು ಹುಟ್ಟಾ ಆಟಗಾರ ಎಂದರು. ತಿದ್ದಲು ಹೋಗಲಿಲ್ಲ, ಕೊರಳಲ್ಲಿ ಹಾರವಿತ್ತು. ಹುಟ್ಟಾ ನಾನು ನೇಕಾರ. ಬೆಟಗೇರಿಯಲ್ಲಿ ನಮ್ಮದು ಒಂದೇ ಮಗ್ಗದ ಮನೆ.

ಮಗ್ಗದ ಮೇಲಿನ ಹಾಸು, ಅಂದರೆ ಉದ್ದೆಳೆಗಳು, ಮುಗಿಯುತ್ತ ಬಂದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಹೊಸೆದು ಕೂಡಿಸಬೇಕು. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಹೆಬ್ಬೆರಳಿಗೂ ತೋರುಬೆರಳಿಗೂ ಚೂರು ಬೂದಿ ಹಚ್ಚಿಕೊಂಡು ಎರಡು ತುದಿ ಹಿಡಿದು ಒಮ್ಮೆ ತಿರುವಿದರೆ ಎಳೆ ಕೂಡುತ್ತದೆ. ಹೀಗೆ ಸಾವಿರಾರು ಎಳೆ. ಅದು ಮುಗಿಯುವತನಕ ಮಗ್ಗ ಸುಮ್ಮನೆ ಕೂತಿರುತ್ತದೆ, ಮಗ್ಗ ಕೂತರೆ ಒಲೆಯೂ ಕೂತಂತೆ. ಅಕ್ಕ ಮದುವೆಯಾಗಿ ಹೋದ ಮೇಲೆ, ಅವ್ವನ ಕಣ್ಣು ಮಂದವಾಗಿದ್ದರಿಂದ, ಕೆಲಸ ನನ್ನ ಪಾಲಿಗೆ ಬಂತು. ಅಪ್ಪನಿಗೆ ಬಾರದ ಕೆಲಸವೇನಲ್ಲ. ಆದರೆ ಅವನ ಬೆರಳು ದಪ್ಪಗಾಗಿದ್ದವು, ಬಹಳ ನಿಧಾನ.

ನಮ್ಮ ಶಾಲೆಗೆ ಆಗ ಹೊಸದಾಗಿ ಒಬ್ಬ ಡ್ರಿಲ್ ಮಾಸ್ತರರು ಬಂದಿದ್ದರು. ಖಾಕಿ ಚಡ್ಡಿ, ಕಂಕುಳಲ್ಲಿ ಯಾವಾಗಲೂ ಚೆಂಡು. ಒಂದು ದಿನ ಹುಡುಗರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೂ ಚೆಂಡು ಎಸೆದರು. ಎಲ್ಲರ ಅಂಗೈಗೂ ಅದು ಫಟ್ಟೆಂದು ಬಡಿಯಿತು. ನನ್ನ ಹತ್ತಿರ ಬಂದಾಗ ಸದ್ದಾಗಲಿಲ್ಲ.

"ಇನ್ನೊಮ್ಮಿ ಹಿಡಿಲೇ," ಎಂದರು. ಮತ್ತೆ ಸದ್ದಿಲ್ಲ.

"ಎಲ್ಲಿ ಕಲ್ತಿ ಇದನ್ನ?"

"ಎಲ್ಲೂ ಇಲ್ರಿ. ಮನ್ಯಾಗ ಕೆಚ್ಚತೇನ್ರಿ."

"ಹಂಗಾರ ಇವತ್ತಿಂದ ನೀನ ನನ್ನ ಬೂಸ್ಟರ್."

ಬಲೆಯ ಹತ್ತಿರ ನಿಂತು, ಹೊಡೆಯುವವನಿಗೆ ಅನುಕೂಲವಾಗುವಂತೆ ಚೆಂಡನ್ನು ಬೆರಳ ತುದಿಯಿಂದ ಮೇಲಕ್ಕೆ ಎತ್ತಿಕೊಡುವವನು ಬೂಸ್ಟರ್. ಹೊಡೆಯುವವನು ಸ್ಮ್ಯಾಷರ್. ನಮ್ಮ ಸ್ಮ್ಯಾಷರ್ ಗಾದಿ ತುಂಬುವ ಪಿಂಜಾರರ ಹುಡುಗ, ತೆಂಗಿನ ಗಿಡದಷ್ಟು ಎತ್ತರ. ಚಪ್ಪಾಳೆಯೆಲ್ಲ ಅವನಿಗೆ. ನಾನು ಎತ್ತಿದ್ದನ್ನು ಯಾರೂ ನೋಡುತ್ತಿರಲಿಲ್ಲ, ಮಾಸ್ತರರೊಬ್ಬರ ಹೊರತು.

ಆಗಿನ ಚೆಂಡು ತೊಗಲಿನದು, ಬಾಯನ್ನು ವಾದಿಯಿಂದ, ಅಂದರೆ ತೊಗಲಿನ ದಾರದಿಂದ, ಹೊಲಿದಿರುತ್ತಿದ್ದರು. ಒಂದು ಸಂಜೆ ಆ ವಾದಿಯ ಗಂಟೇ ತೋರುಬೆರಳಿಗೆ ಬಡಿದು ಬೆರಳು ಬದನೆಕಾಯಿಯಂತೆ ಊದಿತು. ಮರುದಿನ ಕೆಚ್ಚಲು ಕೂತರೆ ಎಳೆಯೇ ಸಿಗದು. ಮಗ್ಗ ನಿಂತಿತು. ಅಪ್ಪ ಬೈಯಲಿಲ್ಲ. ನನ್ನ ಕೈ ಹಿಡಿದು ತಿರುಗಿಸಿ ನೋಡಿದ.

"ಈ ಬೆರಳು ನಿಂದಲ್ಲಲೇ, ಮನಿದು," ಎಂದ. "ನಾಳಿಂದ ಚೆಂಡು ಮುಟ್ಟೀಯಂದ್ರ ನೋಡು."

ಅಪ್ಪ ಹೇಳಿದ್ದು ಖರೆಯಾಗಿತ್ತು. ಅದಕ್ಕೇ ಅಳು ಬಂತು. ಆಮೇಲೆ ನಾನು ಮೈದಾನದ ಅಂಚಿನಲ್ಲಿ ಕೈಕಟ್ಟಿ ನಿಲ್ಲುತ್ತಿದ್ದೆ. ಮಾಸ್ತರರು ಕರೆಯುತ್ತಿರಲಿಲ್ಲ, ಹೋಗೆಂದೂ ಅನ್ನುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದ ವರ್ಷದ ಚಳಿಗಾಲದಲ್ಲಿ ಲಕ್ಷ್ಮೇಶ್ವರದವರು ನಮ್ಮ ಶಾಲೆಯನ್ನು ಪಂದ್ಯಕ್ಕೆ ಕರೆದರು. ನಾವು ಮುಂಬೈ ಪ್ರಾಂತದವರು, ಲಕ್ಷ್ಮೇಶ್ವರ ಇನ್ನೂ ಸಂಸ್ಥಾನದ ಊರು. "ಪರರಾಜ್ಯಕ್ಕ ಹೊಂಟೀವಿ," ಎಂದು ಪಿಂಜಾರರ ಹುಡುಗ ಓಣಿಯೆಲ್ಲ ಸಾರಿಕೊಂಡು ಬಂದ. ಹೊರಡುವ ದಿನವೇ ನಮ್ಮ ಮನೆಯಲ್ಲಿ ಹೊಸ ಹಾಸು, ಮದುವೆಯ ರೇಷ್ಮೆ ಸೀರೆಗಳದು. ಕೇಳುವ ಧೈರ್ಯವೇ ನನಗಾಗಲಿಲ್ಲ. ಬೂದಿಯ ತಟ್ಟೆ ಎಳೆದುಕೊಂಡು ಕೂತೆ.

ಮಧ್ಯಾಹ್ನ ಮಾಸ್ತರರು ಬಾಗಿಲಲ್ಲಿ ನಿಂತಿದ್ದರು. ಅಪ್ಪ ಲಾಳಿಗೆ ಎಣ್ಣೆ ಹಚ್ಚುತ್ತಿದ್ದ.

"ಬರ್ರಿ ಮಾಸ್ತರ್ರ, ಕುಂಡ್ರಿ. ಚಾ ಕುಡೀರಿ. ಹುಡುಗನ್ನ ಮಾತ್ರ ಕೇಳಬ್ಯಾಡ್ರಿ."

"ಹುಡುಗನ್ನ ಕೇಳಾಕ ಬಂದಿಲ್ರಿ ಯಜಮಾನ್ರ. ಕೆಲಸ ಕೇಳಾಕ ಬಂದೇನಿ."

"ಏನ್ ಕೆಲಸರಿ?"

"ಅಂವಾ ಮಾಡೂದನ್ನ ನಾನೂ ಮಾಡ್ತೇನಿ. ಇಬ್ಬರು ಕುಂತ್ರ ಜಲ್ದಿ ಮುಗೀತೈತಿ. ಮುಗದಮ್ಯಾಲ ಕಳಸಬೇಕಂದ್ರ ಕಳಸ್ರಿ, ಇಲ್ಲಾಂದ್ರ ಬಿಡ್ರಿ."

ಅವ್ವ ಬಾಯಿಗೆ ಸೆರಗು ಹಿಡಿದಳು. "ಯಪ್ಪಾ, ಇದು ಎಡಗಾಲು ಬಲಗಾಲು ಅಂದಂಗ ಅಲ್ರಿ."

ಮಾಸ್ತರರು ಆಗಲೇ ಚಕ್ಕಳಮಕ್ಕಳ ಹಾಕಿ ನನ್ನ ಎದುರು ಕೂತಿದ್ದರು. ಬೂದಿಯನ್ನು ಮೊಣಕೈತನಕ ಬಳಿದುಕೊಂಡರು. ಮೊದಲ ಎಳೆ ಹಿಡಿದರು, ತುಂಡಾಯಿತು. ಎರಡನೆಯದೂ ತುಂಡಾಯಿತು. ಮೂರನೆಯದನ್ನು ಕೂಡಿಸಿ ಅಪ್ಪನತ್ತ ನೋಡಿ ನಕ್ಕರು. ಹಳೆಯ ಎಳೆಯನ್ನು ಇನ್ನೊಂದು ಹಳೆಯ ಎಳೆಗೇ ಕೂಡಿಸಿದ್ದರು.

"ಮಾಸ್ತರ್ರ, ರೇಶ್ಮಿ ಐತ್ರಿ ಅದು," ಎಂದ ಅಪ್ಪ. "ಹಗ್ಗ ಜಗ್ಗೂ ಆಟ ಅಲ್ಲ."

"ಕಲ್ಯಾಕ ಹತ್ತೇನ್ರಿ."

ಬಾಗಿಲಲ್ಲಿ ಪಿಂಜಾರರ ಹುಡುಗ ಬಗ್ಗಿ ನೋಡಿ ಕೂಗಿದ: "ಮಾಸ್ತರ್ರ, ಬಸ್ಸಿಗೆ ಇದ್ದಲಿ ತುಂಬಾಕ ಹತ್ಯಾರ್ರಿ! ಜಲ್ದಿ ಬರ್ರಿ!"

ಆಗಿನ ಬಸ್ಸು ಇದ್ದಲಿನ ಗ್ಯಾಸಿನಿಂದ ಓಡುತ್ತಿತ್ತು, ಇದ್ದಲಿ ತುಂಬಿದರೆ ಹೊರಟಂತೆಯೇ. "ತುಂಬಲಿ ತುಂಬಲಿ," ಎನ್ನುತ್ತ ಮಾಸ್ತರರು ಒಮ್ಮೆಗೇ ನಾಲ್ಕೈದು ಎಳೆ ಹರಿದರು.

ಅಪ್ಪ ಲಾಳಿಯನ್ನು ಕೆಳಗಿಟ್ಟ. "ಏಳ್ರಿ, ಏಳ್ರಿ! ನೀವು ಇನ್ನೊಂದು ತಾಸು ಕುಂತ್ರ ಈ ಸೀರಿ ವಾಲಿಬಾಲ್ ಬಲಿ ಆಕ್ಕೈತಿ. ನಿಮ್ಮ ಕಂಬಕ್ಕ ಕಟ್ಟಿ ಆಡೂದೊಂದ ಬಾಕಿ!" ಆಮೇಲೆ ನನ್ನತ್ತ ತಿರುಗಿದ. "ಲೇ, ಏಳಲೇ. ಈ ಮನಷಾನ್ನ ಮೊದಲ ಇಲ್ಲಿಂದ ಕರಕೊಂಡು ಹೋಗು."

ನಾನು ಎದ್ದ ಜಾಗದಲ್ಲಿ ಅಪ್ಪ ಕೂತ. ಹರಿದ ಎಳೆಗಳ ತುದಿ ಹುಡುಕುತ್ತ, ಗೊಣಗುತ್ತ.

ಮಾಸ್ತರರು ಬೇಕೆಂದೇ ಹರಿದರೇ? ಅವರು ಹರಕು ಬಲೆಗೆ ಕಣ್ಣು ಹೆಣೆಯುವುದನ್ನೂ ಚೆಂಡಿನ ವಾದಿಯನ್ನು ಸಣ್ಣ ಹೊಲಿಗೆಯಲ್ಲಿ ಕೂಡಿಸುವುದನ್ನೂ ಮುಂದೆ ನಾನು ಎಷ್ಟೋ ಸಲ ಕಂಡೆ. ಬೆರಳ ಕೆಲಸ ಬಾರದ ಮನುಷ್ಯನಲ್ಲ. ನಾನೂ ಮಾಸ್ತರನಾದ ಮೇಲೆ ಒಮ್ಮೆ ಕೇಳಿಯೇಬಿಟ್ಟೆ. "ಬಸ್ಸು ಸಿಕ್ತಲ್ಲಲೇ," ಎಂದರು, ಅಷ್ಟೇ. ಅಪ್ಪನನ್ನು ಕೇಳಿದರೆ ಅವನದು ಬೇರೆ ಮಾತು: "ಛೇ, ಅವರಿಗೆ ಖರೇನ ಬರ್ತಿದ್ದಿಲ್ಲ. ನಾಟಕ ಮಾಡಾವ್ರು ಅಷ್ಟು ಬೆವರಂಗಿಲ್ಲ." ಇಬ್ಬರೂ ಈಗಿಲ್ಲ. ಯಾವುದು ಖರೆಯಾದರೂ ನನ್ನ ಋಣ ಕಡಿಮೆಯಾಗುವುದಿಲ್ಲ. ಮುಂದೆ ನಾನು ಆಟಕ್ಕೆ ಹುಡುಗರನ್ನು ಕೇಳಲು ಹಿಟ್ಟಿನ ಗಿರಣಿ, ಚಪ್ಪಲಿ ಅಂಗಡಿ, ಶೇಂಗಾ ಬಿಡಿಸುವ ಕಣಗಳಿಗೆಲ್ಲ ಹೋದೆ. ಹೋದಲ್ಲೆಲ್ಲ ಮೊದಲು ಕೂತು ಅವರ ಕೆಲಸಕ್ಕೆ ಕೈಹಾಕುತ್ತಿದ್ದೆ. ನಾಟಕವಾಡುವ ಅಗತ್ಯ ನನಗೆ ಬೀಳಲಿಲ್ಲ, ಯಾವ ಕೆಲಸವೂ ನೆಟ್ಟಗೆ ಬರುತ್ತಿರಲಿಲ್ಲ.

ಆ ಪ್ರಯಾಣದ ಬಗ್ಗೆ ನನ್ನ ನೆನಪು ಅನುಮಾನ ಬರುವಷ್ಟು ಚೆಂದವಾಗಿದೆ. ಮಾಗಡಿ ಕೆರೆಯ ಹತ್ತಿರ ಬಸ್ಸು ನೀರಿಗೆ ನಿಂತಾಗ ಸಾವಿರಾರು ಹಕ್ಕಿ ಒಮ್ಮೆಗೇ ಎದ್ದವು. ಆದರೆ ಗದಗ ದಾಟುವ ಮೊದಲೇ ನಾನು ಅವನ ಹೆಗಲ ಮೇಲೆ ನಿದ್ದೆಹೋಗಿದ್ದೆ ಎಂದು ಪಿಂಜಾರರ ಗೆಳೆಯ ಈಗಲೂ ಆಣೆ ಮಾಡುತ್ತಾನೆ. ಏಕೀಕರಣದ ದಿನ ಮುಂಡರಗಿಯ ಮೈದಾನದಲ್ಲಿ ಹುಡುಗರನ್ನು ನಿಲ್ಲಿಸಿ ಕನ್ನಡದಲ್ಲಿ ಕವಾಯತು ಮಾಡಿಸಿದೆ ಎಂದು ಭಾಷಣಗಳಲ್ಲಿ ಹೇಳುತ್ತಿದ್ದೆ. ಅಂದು ದೀಪಾವಳಿ ಸೂಟಿ ಇತ್ತಲ್ಲ ಎಂದು ಹೆಂಡತಿ ಒಮ್ಮೆ ಕೇಳಿದಳು, ಆ ಭಾಷಣ ಅಲ್ಲಿಗೆ ನಿಂತಿತು. ಹಾಗಾಗಿ ಲಕ್ಷ್ಮೇಶ್ವರದಲ್ಲಿ ಗೆದ್ದೆವೋ ಸೋತೆವೋ ಅನ್ನುವುದನ್ನು ನಾನು ಬರೆಯುವುದಿಲ್ಲ. ಗೆದ್ದೆವೆಂದು ಪಿಂಜಾರರ ಗೆಳೆಯ ಹೇಳುತ್ತಾನೆ, ಸೋತೆವೆಂದು ನನ್ನ ನೆನಪು.

ಬೆರಳು ಮಾತ್ರ ಸುಳ್ಳು ಹೇಳುವುದಿಲ್ಲ. ಎಡಗೈಯ ಉಂಗುರಬೆರಳು ಇಂದಿಗೂ ಸೊಟ್ಟಗಿದೆ. ಅದು ಆ ಪಂದ್ಯದ್ದು. ಆಟದ ನಡುವೆ ಚೆಂಡು ತುದಿಗೆ ಬಡಿಯಿತು, ಮುಗಿಯುವವರೆಗೂ ಯಾರಿಗೂ ಹೇಳಲಿಲ್ಲ. ಮರಳುವಾಗ ಬಸ್ಸಿನಲ್ಲಿ ಎಲ್ಲರೂ ಹಾಡುತ್ತಿದ್ದರು, ನಾನು ಬಗಲಲ್ಲಿ ಕೈ ಹುದುಗಿಸಿ ಕೂತಿದ್ದೆ. ಇದೇ ನನ್ನ ಕೊನೆಯ ಆಟವೆಂದು ಖಾತ್ರಿಯಾಗಿತ್ತು.

ಮನೆ ತಲುಪಿದಾಗ ಹಾಸು ಕೆಚ್ಚುವುದು ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಅಪ್ಪ, ಅವ್ವ ಎದುರುಬದುರು ಕೂತಿದ್ದರು, ಅವ್ವ ತಡವಿ ಎತ್ತಿಕೊಟ್ಟ ಎಳೆಯನ್ನು ಅಪ್ಪ ಕೂಡಿಸುತ್ತಿದ್ದ. ಅಪ್ಪನ ಮೀಸೆಯಲ್ಲೂ ಬೂದಿ.

"ಕೈ ತಾ," ಎಂದ.

ಬಲಗೈ ಕೊಟ್ಟೆ.

"ಇನ್ನೊಂದು."

ಒಂದೊಂದು ಬೆರಳನ್ನೂ ಮಡಿಸಿ ನೋಡುತ್ತ ಬಂದ. ಉಂಗುರಬೆರಳಿಗೆ ಬಂದಾಗ ನಾನು ಕೈ ಹಿಂದಕ್ಕೆಳೆದೆ.

"ನೋವೈತೇನ?"

"ಇಲ್ಲಪ್ಪಾ."

"ಸುಳ್ಳ ಬೊಗಳಬ್ಯಾಡ." ಅವ್ವನಿಗೆ ಅರಿಷಿಣ ಬಿಸಿ ಮಾಡಲು ಹೇಳಿದ. ತಾನೇ ಹಚ್ಚಿ ಚಿಂದಿ ಸುತ್ತಿದ. ನಾನು ಕೆಚ್ಚುವ ಕೈ ಬಲಗೈಯೋ ಎಡಗೈಯೋ ಎಂಬುದೇ ಮರೆತವನಂತೆ ಬಹಳ ಹೊತ್ತು ಆ ಬೆರಳನ್ನೇ ಹಿಡಿದುಕೊಂಡಿದ್ದ.

"ಮುಂದಿನ ಆಟ ಯಾವತ್ತಂತ?"

"ಗೊತ್ತಿಲ್ಲಪ್ಪಾ."

"ಹೋಗಿ ಮಾಸ್ತರ್ನ ಕೇಳ್ಕೊಂಡು ಬಾ. ಮೊದಲ ಗೊತ್ತಾದ್ರ ಹಾಸು ಹಿಂದ ಮುಂದ ಮಾಡ್ಕೋಬಹುದು."

ಚಪ್ಪಲಿ ಹಾಕಿಕೊಳ್ಳದೆ ಓಡಿದೆ.