ಮೂರನೇ ಪುಟದ ಸಹಿ

ಟೈಪಿಸ್ಟ್ ಅಕ್ಕನ ಬಲಗೈ ಹೆಬ್ಬೆರಳು ಸದಾ ನೇರಳೆ. ಸಾಗರದ ಕೋರ್ಟಿನ ಎದುರು, ಜೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ ಅವರ ಮೇಜು. ಹೆಬ್ಬೆಟ್ಟು ಒತ್ತುವವರು ಯಾರೇ ಬರಲಿ, ಅವರ ಬೆರಳನ್ನು ತಾವೇ ಹಿಡಿದು ಇಂಕ್ ಪ್ಯಾಡಿಗೆ ತಾಗಿಸಿ ಕಾಗದದ ಮೇಲೆ ಒತ್ತಿಸುತ್ತಿದ್ದರು. "ಹೆದ್ರಬೇಡಿ, ಶಾಯಿ ನಂಗೂ ಹತ್ತುತ್ತೆ" ಅನ್ನುತ್ತಿದ್ದರು. ಸೋಪು, ನಿಂಬೆಹಣ್ಣು, ಯಾವುದಕ್ಕೂ ಆ ಬಣ್ಣ ಜಗ್ಗುತ್ತಿರಲಿಲ್ಲ.

ನಾನಾಗ ಹೊಸನಗರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹೊಸ ವಕೀಲೆ. ಕರಿಕೋಟಿನ ಇಸ್ತ್ರಿ ಇನ್ನೂ ಮುರಿದಿರಲಿಲ್ಲ, ಬಾಯಿ ಮಾತ್ರ ಜೋರು. ಅಕ್ಕನದು ನನಗೆ ತದ್ವಿರುದ್ಧ ಸ್ವಭಾವ. ಕರಾರುಪತ್ರ ಟೈಪಾದ ಮೇಲೆ ಪೂರ್ತಿ ಗಟ್ಟಿಯಾಗಿ ಓದಿ, "ಈಗ ನೀವ್ ಹೇಳಿ, ನಾ ಓದಿದ್ದು ಎಂತ?" ಎಂದು ಕೇಳುವರು. ಬಂದವರು ತಮ್ಮ ಮಾತಿನಲ್ಲಿ ಹೇಳಿದ ಮೇಲೇ ಸಹಿ, ಅದೂ ಪ್ರತಿ ಪುಟಕ್ಕೆ. ಬಸ್ ಹೋಯ್ತು ಎಂದು ಜನ ಗೊಣಗಿದರೆ, "ಇನ್ನೊಂದು ಬಸ್ ಬರ್ತದೆ" ಅಂದುಬಿಡುವರು.

ಒಬ್ಬರಿಗೆ ಟೈಪ್ ಮಾಡಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕಿದವರಲ್ಲ. ನನಗೋ ಕೆಟ್ಟ ಕುತೂಹಲ. "ನಿನ್ನೆ ಆ ತೀರ್ಥಹಳ್ಳಿ ವಕೀಲ್ರು ಎಂತ ಟೈಪ್ ಮಾಡ್ಸಿದ್ರು ಅಕ್ಕಾ?" ಎಂದು ಕೆದಕಿದರೆ, "ಚಾ ಕುಡಿ ಮಾರಾಯ್ತಿ, ಆರ್ತದೆ" ಎಂಬುದೇ ಉತ್ತರ. ಕೋರ್ಟಿನೊಳಗೆ ಹೋಗುವ ನಮ್ಮಂಥ ಹೊಸಬರನ್ನೆಲ್ಲ ತಡೆದು ಕೇಳುತ್ತಿದ್ದ ಪ್ರಶ್ನೆಯೂ ಒಂದೇ: "ಬಂದ ಕಾಗದ ಎಲ್ಲಾ ಓದಿದ್ಯಾ?" ಊಟ ಆಯ್ತಾ ಎಂದಂತೆ ನಾನದನ್ನು ಕೇಳಿ ಮರೆಯುತ್ತಿದ್ದೆ.

ಆಗ ಬಂತು ನನ್ನ ಮೊದಲ ಸ್ವಂತ ಕೇಸು! ಇಬ್ಬರು ಗೆಳೆಯರು, ಮರದ ಕೆತ್ತನೆಯವರು, ಸೇರಿ ಒಂದು ಕಾರ್ಖಾನೆ ನಡೆಸುತ್ತಿದ್ದರು. ಕಿರಿಯವನು ಕೆತ್ತನೆಗೆ ಮೆಷೀನು ತರೋಣವೆಂದ. ಹಿರಿಯವರಿಗೆ ಅದು ಉಳಿಗೇ ಮಾಡಿದ ಅವಮಾನ, ಸಿಟ್ಟಿನಲ್ಲಿ ಬೀಗ ಜಡಿದರು. ಅರ್ಧ ಕೆತ್ತಿದ ಬಾಗಿಲೊಂದು ಒಳಗೇ ಉಳಿಯಿತು. ಕಿರಿಯವನು ಕೋರ್ಟಿಗೆ ಹೋದ, ಹಿರಿಯವರು ನನ್ನ ಬಳಿ ಬಂದರು.

ಅವರ ಪಾಲುದಾರಿಕೆ ಪತ್ರ ಟೈಪ್ ಮಾಡಿದ್ದು ನಮ್ಮ ಅಕ್ಕನೇ. ಜಗಳ ಬಂದರೆ ಕೋರ್ಟಿಗೆ ಹೋಗದೆ, ಇಬ್ಬರಿಗೂ ಪಾಠ ಹೇಳಿದ್ದ ಹುಂಚದ ನಿವೃತ್ತ ಹೆಡ್ಮಾಸ್ಟರು ಮಧ್ಯಸ್ಥರಾಗಿ ಕೊಡುವ ತೀರ್ಮಾನಕ್ಕೆ ಬದ್ಧರು ಎಂದು ಮೂರನೇ ಪುಟದಲ್ಲಿತ್ತು. ಕೇಸನ್ನು ಆ ಮೇಷ್ಟರಿಗೇ ಒಪ್ಪಿಸಿ ಎಂದು ನಾನು ಅರ್ಜಿ ಹಾಕಿದೆ. ಆದರೆ ಎಲ್ಲ ಪುಟಕ್ಕೂ ಸಹಿ ಇತ್ತು, ಮೂರನೆಯದಕ್ಕೆ ಮಾತ್ರ ಇರಲಿಲ್ಲ!

"ಇದು ಆಮೇಲೆ ಸೇರಿಸಿದ ಪುಟ. ಟೈಪಿಸ್ಟ್ ಕೈವಾಡ" ಎಂದರು ಎದುರು ವಕೀಲರು. ಅಕ್ಕ ಬಾಗಿಲ ಬಳಿ ನಿಂತು ಕೇಳುತ್ತಿದ್ದರು. ಹೊರಗೆ ಬಂದಾಗ ನನಗೆ ಹೇಳಿದ್ದು ಇಷ್ಟೆ: "ತಪ್ಪು ನಂದೇ. ಮೇಷ್ಟ್ರ ಇನಿಷಿಯಲ್ ತಪ್ಪಾಗಿತ್ತು ಅಂತ ಆ ಪುಟ ಮತ್ತೆ ಟೈಪ್ ಮಾಡಿದೆ. ಓದಿಯೂ ಹೇಳಿದೆ. ಸಹಿ ಹಾಕ್ಸೋದು ಮರ್ತೆ." ಮರುದಿನದಿಂದ ಅವರ ಮೇಜಿಗೆ ಜನ ಕಡಿಮೆಯಾದರು.

ಇಂಥ ಅರ್ಜಿ ಬಂದಾಗ ಜಗಳದಲ್ಲಿ ಯಾರು ಸರಿ ಎಂದು ಕೋರ್ಟು ನೋಡುವುದಿಲ್ಲ. ಮಧ್ಯಸ್ಥರ ಬಳಿ ಹೋಗುತ್ತೇವೆಂದು ಇಬ್ಬರೂ ಬರಹದಲ್ಲಿ ಒಪ್ಪಿದ್ದಾರೆಯೇ? ಮೇಲ್ನೋಟಕ್ಕೆ ಹೌದೆಂದು ಕಂಡರೆ ಅಲ್ಲಿಗೇ ಕಳಿಸುತ್ತದೆ. ಒಪ್ಪಿಗೆ ಒಂದೇ ಪತ್ರದಲ್ಲಿರಬೇಕೆಂದಿಲ್ಲ, ಇಬ್ಬರ ನಡುವೆ ಓಡಾಡಿದ ಕಾಗದಗಳಲ್ಲಿ ಕಂಡರೂ ಆದೀತು. ಇದೆಲ್ಲ ನನಗೆ ಬಾಯಿಪಾಠ. ಕೈಯಲ್ಲಿ ಮಾತ್ರ ಕಾಗದವಿರಲಿಲ್ಲ.

ವಿಚಾರಣೆಯ ಬೆಳಿಗ್ಗೆ ಅಕ್ಕ ಚಾ ಲೋಟ ಕೊಟ್ಟು ಕೇಳಿದರು, "ಬಂದ ಕಾಗದ ಎಲ್ಲಾ ಓದಿದ್ಯಾ?"

"ಓದಿದೀನಿ ಅಕ್ಕಾ" ಎಂದೆ, ಸ್ವಲ್ಪ ಸಿಡುಕಿನಿಂದಲೇ.

"ನೀ ಓದಿದ್ದಿ. ನಿನ್ ಪಾರ್ಟಿ?"

ನಾನು ಹಿರಿಯ ಕೆತ್ತನೆಯವರತ್ತ ತಿರುಗಿದೆ. ಅವರು ನೆಲ ನೋಡಿದರು. "ಒಂದು ರಿಜಿಸ್ಟರ್ ಕವರ್ ಬಂದಿತ್ತು ಮೇಡಂ, ಕೇಸ್ ಹಾಕೋ ಮುಂಚೆ. ಅವನ ಹೆಸರು ನೋಡಿ ಮೈ ಉರೀತು. ಒಡೀದೆ ಟ್ರಂಕಿಗೆ ಹಾಕ್ದೆ."

"ಓಡಿ!" ಎಂದು ನಾನು ಕಿರುಚಿದ್ದು ಜೆರಾಕ್ಸ್ ಅಂಗಡಿಯವರೆಗೂ ಕೇಳಿಸಿತಂತೆ. ಅವರು ಬೈಕ್ ಹತ್ತಿ ಮನೆಗೆ ಹೋಗಿ ಕವರ್ ತಂದರು. ಒಡೆಯಲು ಕೈ ತುರಿಸುತ್ತಿತ್ತು. ಒಡೆದರೆ ಇದನ್ನೂ ನಾವೇ ಸೇರಿಸಿದ್ದು ಅನ್ನುತ್ತಾರೆ. ಒಡೆಯದಿದ್ದರೆ, ಒಳಗೆ ನಮಗೇ ಮುಳುವಾಗುವ ಮಾತಿದ್ದರೆ? ಮುಚ್ಚಿದ ಕವರನ್ನೇ ನ್ಯಾಯಾಧೀಶರ ಮುಂದಿಟ್ಟೆ.

ಅವರು ಅಂಚೆ ಮುದ್ರೆಯ ತಾರೀಖು ನೋಡಿದರು, ಎರಡೂ ಕಡೆಯವರಿಗೆ ತೋರಿಸಿ ಒಡೆಸಿದರು, ಓದಿದರು. "ನಮ್ಮ ಪತ್ರದ ಮೂರನೇ ಪುಟದಲ್ಲಿ ಒಪ್ಪಿದಂತೆ ಮೇಷ್ಟರ ಬಳಿ ಹೋಗೋಣ. ದಿನ ತಿಳಿಸಿ." ಕೆಳಗೆ ಕಿರಿಯವನ ಸಹಿ!

"ಸಹಿ ನಿಮ್ದೇನಾ?" ನ್ಯಾಯಾಧೀಶರು ಕೇಳಿದರು.

"ನಂದೇ ಸ್ವಾಮಿ" ಎಂದ ಕಿರಿಯವನು. ಆಮೇಲೆ ಗೆಳೆಯನತ್ತ ತಿರುಗಿ, "ಅಣ್ಣಾ, ನೀ ಓದ್ಲೇ ಇಲ್ವನಾ?" ಎಂದ. ಹಿರಿಯವರ ಕಣ್ಣಲ್ಲಿ ನೀರು.

ಕೇಸು ಹುಂಚಕ್ಕೆ ಹೋಯಿತು. ಮೇಷ್ಟರು ಇಬ್ಬರಿಗೂ ಚೆನ್ನಾಗಿ ಬೈದು ಮೆಷೀನಿಗೊಂದು ಮೂಲೆ, ಉಳಿಗೊಂದು ಮೂಲೆ ಎಂದು ತೀರ್ಮಾನ ಕೊಟ್ಟರು. ಬೀಗ ತೆರೆಯಿತು. ನಾನು ಕುಣಿದಾಡುತ್ತ ಅಕ್ಕನ ಮೇಜಿಗೆ ಓಡಿದರೆ, ಅವರು ಯಾರದೋ ಹೆಬ್ಬೆರಳು ಹಿಡಿದಿದ್ದರು. "ಇರು, ಒಂದ್ ಪುಟ ಬಾಕಿ ಇದೆ" ಎಂದರು.

ಕಳೆದ ಮಳೆಗಾಲದಲ್ಲಿ ಅಕ್ಕ ತೀರಿಕೊಂಡರು. ಕೆತ್ತನೆಯ ಗೆಳೆಯರಿಬ್ಬರೂ ಅವರ ಮನೆಗೆ ಒಂದೇ ಬೈಕಿನಲ್ಲಿ ಬಂದಿದ್ದರು. ಕಿರಿಯವನು ನನ್ನನ್ನು ಪಕ್ಕಕ್ಕೆ ಕರೆದ.

"ಮೇಡಂ, ಆ ಕವರಿನ ವಿಷಯ ನಿಮ್ಗೆ ಅಕ್ಕ ಹೇಳಿದ್ರಾ?"

"ಇಲ್ಲ. ಎಲ್ಲಾ ಓದಿದ್ಯಾ ಅಂತ ಕೇಳಿದ್ರು, ಅಷ್ಟೆ. ಯಾಕೆ?"

"ಆ ಕಾಗದ ಟೈಪ್ ಮಾಡಿದ್ದು ಅವ್ರೇ. ಉತ್ತರ ಬರ್ಲಿಲ್ಲ ಅನ್ನೋ ಸಿಟ್ಟಿಗೆ ನಾನು ಕೋರ್ಟಲ್ಲಿ ಪುಟ ಸುಳ್ಳು ಅನ್ನಿಸ್ದೆ. ಬಾಗಿಲ ಹತ್ರ ನಿಂತು ನನ್ ಮುಖಾನೇ ನೋಡ್ತಿದ್ರು. ಒಂದ್ ಮಾತಾಡ್ಲಿಲ್ಲ."

ತಮ್ಮ ಮೇಲೆ ಬಂದ ಅಪವಾದ ತೊಳೆಯುವ ಕಾಗದ ಯಾವುದೆಂದು ಗೊತ್ತಿದ್ದೂ, ಅದು ಇನ್ನೊಬ್ಬರದೆಂದು ಅವರು ಅಷ್ಟು ದಿನ ಸುಮ್ಮನಿದ್ದರು. ನಾನು ಒಳಗೆ ಹೋಗಿ ಅವರ ಬಲಗೈ ಹಿಡಿದೆ. ಹೆಬ್ಬೆರಳು ಇನ್ನೂ ನೇರಳೆಯಾಗಿಯೇ ಇತ್ತು.